160 ಎಕರೆಯ ಲೆಕ್ಕ

ಭೂಮಿಯಿಲ್ಲದವನಿಗೆ ಸರ್ಕಾರವೇ 160 ಎಕರೆ ಕೊಡುತ್ತದೆ ಎಂದರೆ ಯಾರು ತಾನೆ ಗಂಟುಮೂಟೆ ಕಟ್ಟುವುದಿಲ್ಲ? 1862ರ ಮೇ 20ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ ಹೇಳಿದ್ದು ಇದನ್ನೇ. ಅಲ್ಪ ಶುಲ್ಕ ತೆತ್ತು, ಮನೆ ಕಟ್ಟಿ, ಐದು ವರ್ಷ ಅಲ್ಲಿಯೇ ನೆಲೆಸಿ ಸಾಗುವಳಿ ಮಾಡಿದರೆ ನೆಲ ಅವನದು. ಒಂಟಿ ಹೆಂಗಸರಿಗೂ, ಪೌರತ್ವ ಬಯಸಿ ಬಂದ ವಲಸಿಗರಿಗೂ ಈ ಅವಕಾಶವಿತ್ತು.

ಆದರೆ ಆ ನೆಲ ಬರಿದಾಗಿರಲಿಲ್ಲ. ಲಕೋಟ, ಷಯೆನ್, ಪಾನಿ ಮೊದಲಾದ ಮೂಲನಿವಾಸಿಗಳು ಅಲ್ಲಿ ಬಾಳುತ್ತಿದ್ದರು. ಅವರಲ್ಲಿ ಅನೇಕರ ಬದುಕಿಗೆ ಆಧಾರವಾಗಿದ್ದ ಕಾಡೆಮ್ಮೆಯ ಹಿಂಡುಗಳನ್ನು ಬೇಟೆಗಾರರು ಶತಮಾನದ ಕೊನೆಯ ಹೊತ್ತಿಗೆ ಬಹುಮಟ್ಟಿಗೆ ನಿರ್ನಾಮ ಮಾಡಿದರು. 1887ರ ಡಾಸ್ ಕಾಯ್ದೆ ಮೂಲನಿವಾಸಿಗಳಿಗೆ ಉಳಿದಿದ್ದ ಸಾಮುದಾಯಿಕ ಭೂಮಿಯನ್ನೂ ಹೋಳು ಮಾಡಿ, ಮಿಕ್ಕಿದ್ದನ್ನು ಹೊರಗಿನವರಿಗೆ ತೆರೆದಿಟ್ಟಿತು.

ಹೊಸ ರೈತನಿಗೆ ಹೊಸ ಸಲಕರಣೆಗಳೂ ಒದಗಿದವು. ಹುಲ್ಲುಗಾವಲಿನ ಜಿಗುಟು ಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಮೆತ್ತಿಕೊಳ್ಳುತ್ತಿತ್ತು. 1837ರಲ್ಲಿ ಇಲಿನಾಯ್‌ನ ಕಮ್ಮಾರ ಜಾನ್ ಡೀರ್ ನಯವಾದ ಉಕ್ಕಿನ ನೇಗಿಲು ಮಾಡಿ ಈ ತೊಡಕನ್ನು ಬಿಡಿಸಿದ. ಮೆಕಾರ್ಮಿಕ್‌ನ ಕೊಯ್ಲಿನ ಯಂತ್ರ ಆಳಿನ ಕೊರತೆಯನ್ನು ನೀಗಿತು. 1869ರಲ್ಲಿ ಪೂರ್ವ ಪಶ್ಚಿಮಗಳು ರೈಲಿನಿಂದ ಬೆಸೆದುಕೊಂಡವು. ಮರವೇ ಅಪರೂಪವಾದ ಬಯಲಲ್ಲಿ ಜನ ಹುಲ್ಲುಬೇರಿನ ಹೆಂಟೆಗಳನ್ನೇ ಇಟ್ಟಿಗೆಯಂತೆ ಪೇರಿಸಿ ಮನೆ ಕಟ್ಟಿದರು. ಬೇಲಿಗೆ 1874ರಲ್ಲಿ ಜೋಸೆಫ್ ಗ್ಲಿಡನ್ ಪೇಟೆಂಟ್ ಪಡೆದ ಮುಳ್ಳುತಂತಿ ಬಂತು.

ಎಲ್ಲವೂ ಬಂತು, ಮಳೆಯೊಂದನ್ನುಳಿದು. 160 ಎಕರೆಯ ಅಳತೆ ಹುಟ್ಟಿದ್ದು ಮಳೆ ಚೆನ್ನಾಗಿ ಬೀಳುವ ಪೂರ್ವದ ಅನುಭವದಿಂದ. ಪಶ್ಚಿಮದಲ್ಲಿ ಬಹುಪಾಲು ಕಡೆ ವರ್ಷಕ್ಕೆ 20 ಅಂಗುಲ ಮಳೆಯೂ ಇಲ್ಲ. ಇದನ್ನು ಸುತ್ತಿ ನೋಡಿದ ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರ ವರದಿಯಲ್ಲಿ ಎಚ್ಚರಿಸಿದ: ನೀರಾವರಿ ಇದ್ದರೆ 80 ಎಕರೆ ಸಾಕು, ಇಲ್ಲದ ಕಡೆ ದನ ಮೇಯಿಸಿ ಬದುಕಲು 2,560 ಎಕರೆ ಬೇಕು. ಈ ಮಾತು ರಾಜಕಾರಣಿಗಳಿಗೆ ರುಚಿಸಲಿಲ್ಲ. ಉತ್ತುತ್ತಾ ಹೋದರೆ ಮಳೆಯೂ ಬೆನ್ನಿಗೇ ಬರುತ್ತದೆ ಎಂಬ ನಂಬಿಕೆಯನ್ನು ಭೂಮಿ ಮಾರುವವರು ಹಬ್ಬಿಸಿದ್ದರು. ಕೆಲವು ವರ್ಷ ಒಳ್ಳೆಯ ಮಳೆಯಾಗಿ ಅದು ನಿಜವೆನಿಸಿತು. 1890ರ ದಶಕದ ಬರಗಾಲ ಬಂದಾಗ ಎಷ್ಟೋ ಕುಟುಂಬಗಳು ಬಂದ ದಾರಿಯಲ್ಲೇ ಹಿಂದಿರುಗಿದವು.

ಸರ್ಕಾರ ನಿಧಾನವಾಗಿ ಲೆಕ್ಕ ತಿದ್ದಿಕೊಂಡಿತು. ಒಣ ಪ್ರದೇಶಗಳಲ್ಲಿ 1909ರಲ್ಲಿ 320 ಎಕರೆ, 1916ರಲ್ಲಿ ಪಶುಪಾಲನೆಗೆ 640 ಎಕರೆ ಎಂದಿತು. ಆಗಲೂ ಅದು ಪೊವೆಲ್ ಹೇಳಿದ್ದರ ಕಾಲುಭಾಗ ಮಾತ್ರ.

ಅಷ್ಟರಲ್ಲಿ ಮಣ್ಣನ್ನು ಹಿಡಿದಿಟ್ಟಿದ್ದ ಹುಲ್ಲಿನ ಬೇರು ನೇಗಿಲಿಗೆ ಸಿಕ್ಕಿ ಹೋಗಿತ್ತು. 1930ರ ದಶಕದಲ್ಲಿ ಮತ್ತೆ ಬರ ಬಿದ್ದಾಗ ಹೊಲಗಳೇ ಧೂಳಾಗಿ ಎದ್ದವು. 1935ರ ಏಪ್ರಿಲ್ 14ರಂದು ಹಗಲೇ ಕತ್ತಲಾಯಿತು. ಮಣ್ಣು ಉಳಿಸಲೆಂದೇ ಒಂದು ಸರ್ಕಾರಿ ಇಲಾಖೆ ಸ್ಥಾಪನೆಯಾದದ್ದು ಅದೇ ತಿಂಗಳು. ಸುಮಾರು 16 ಲಕ್ಷ ಜನರಿಗೆ ಭೂಮಿಯ ಒಡೆತನ ಕೊಟ್ಟ ಕಾಯ್ದೆ ಎಕರೆಯನ್ನು ಎಣಿಸಿತ್ತು, ಮಳೆಯನ್ನು ಎಣಿಸಿರಲಿಲ್ಲ.