ನೆರೆಹೊರೆಗೆ ತೊಂದರೆಯಾಗುವ ಖಾಸಗಿ ಸ್ವತ್ತುಗಳು: ಗ್ರಾಮ ಪಂಚಾಯತಿಯ ಅಧಿಕಾರ ಮತ್ತು ಹೊಣೆ

ಒಬ್ಬರ ನಿವೇಶನದಲ್ಲಿ ನಿಂತ ನೀರಿನಿಂದಲೋ, ಬೆಳೆದ ಮುಳ್ಳುಕಂಟಿಯಿಂದಲೋ, ಕುಸಿಯುವಂತಿರುವ ಗೋಡೆಯಿಂದಲೋ ಪಕ್ಕದವರಿಗೆ ತೊಂದರೆಯಾದಾಗ ದೂರು ಮೊದಲು ತಲುಪುವುದು ವಾರ್ಡಿನ ಸದಸ್ಯರನ್ನು. “ಅದು ಖಾಸಗಿ ಜಾಗ, ಪಂಚಾಯತಿಗೆ ಸಂಬಂಧವಿಲ್ಲ” ಎಂದು ಹೇಳಿ ಕಳುಹಿಸುವುದು ರೂಢಿಯಾಗಿದೆ. ಈ ಉತ್ತರಕ್ಕೆ ಕಾನೂನಿನ ಆಧಾರವಿಲ್ಲ.

ಡೆಂಗಿ ಜ್ವರವನ್ನೇ ನೋಡಿರಿ. ರಾಜ್ಯ ಸರ್ಕಾರವು 2024ರಲ್ಲಿ ಇದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಯಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಸ್ವತ್ತಿನ ಮಾಲೀಕರು ಮತ್ತು ಅನುಭೋಗದಾರರ ಮೇಲೆ ಹೊರಿಸಿತು. ತಪ್ಪಿದಲ್ಲಿ ಗ್ರಾಮೀಣ ಪ್ರದೇಶದಲ್ಲಿ ಮನೆಗಳಿಗೆ ರೂ. 200, ಅಂಗಡಿ-ಹೋಟೆಲುಗಳಂತಹ ವಾಣಿಜ್ಯ ಸ್ಥಳಗಳಿಗೆ ರೂ. 500, ಖಾಲಿ ನಿವೇಶನ ಹಾಗೂ ಅರ್ಧಕ್ಕೆ ನಿಂತ ಕಟ್ಟಡಗಳಿಗೆ ರೂ. 1,000 ದಂಡವನ್ನು ನಿಗದಿಪಡಿಸಿತು. ಖಾಲಿ ನಿವೇಶನಕ್ಕೇ ಹೆಚ್ಚು ದಂಡ ವಿಧಿಸಿರುವುದು ಯುಕ್ತವಾಗಿದೆ. ವಾಸವಿರುವ ಮನೆಯ ತೊಟ್ಟಿಯನ್ನು ಯಾರಾದರೂ ತಿಕ್ಕಿ ತೊಳೆದಾರು. ಪಾಳುಜಾಗದ ಒಡೆದ ಒರಳು, ಟೈರು, ತೆಂಗಿನ ಚಿಪ್ಪುಗಳಿಗೆ ದಿಕ್ಕಿಲ್ಲ. ಈಡಿಸ್ ಸೊಳ್ಳೆಯು ಸಾಮಾನ್ಯವಾಗಿ ಶುದ್ಧವಾದ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ, ಹಗಲಿನಲ್ಲಿ ಕಚ್ಚುತ್ತದೆ, ಮತ್ತು ಬೇಸಿಗೆಯಲ್ಲಿ ಮೊಟ್ಟೆಯಿಂದ ಸುಮಾರು ಒಂದು ವಾರ-ಹತ್ತು ದಿನಗಳಲ್ಲಿ ಸೊಳ್ಳೆಯಾಗುತ್ತದೆ. ಅದು ಬಹು ದೂರ ಹಾರುವುದೂ ಇಲ್ಲ. ಜ್ವರ ತಗಲುವುದು ಹೆಚ್ಚಾಗಿ ಆಸುಪಾಸಿನ ಮನೆಗಳಿಗೇ. ಹಗರಿ ದಂಡೆಯ ಮೋಕ ಹೋಬಳಿಯ ಊರುಗಳಲ್ಲಿಯೂ ನೀರು ಬಾರದ ದಿನಗಳಿಗೆಂದು ಡ್ರಮ್ಮು, ಹರವಿ, ಬಾನಿಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಆದುದರಿಂದ ಮುಚ್ಚಳ ಮತ್ತು ವಾರಕ್ಕೊಮ್ಮೆ ಒಣಗಿಸುವುದು, ಇವೆರಡನ್ನೇ ಒತ್ತಾಯಿಸತಕ್ಕದ್ದು.

ಇತರ ಅಪಾಯಗಳಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಪ್ರಕರಣ 152 ಅನ್ವಯಿಸುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133 ಆಗಿತ್ತು. ಬೀಳುವಂತಿರುವ ಕಟ್ಟಡ ಅಥವಾ ಮರ, ದಾರಿಯ ಪಕ್ಕದ ಬೇಲಿಯಿಲ್ಲದ ಬಾವಿ-ಹೊಂಡ, ಆರೋಗ್ಯಕ್ಕೆ ಹಾನಿಕರವಾದ ಉದ್ಯೋಗ ಇವುಗಳ ಕುರಿತು ಉಪವಿಭಾಗ ದಂಡಾಧಿಕಾರಿಗಳು ಷರತ್ತುಬದ್ಧ ಆದೇಶ ಹೊರಡಿಸಬಹುದು. ಪಂಚಾಯತಿಯು ಮಾಡಬೇಕಾದುದು ಸ್ಥಳ ಮಹಜರಿನೊಂದಿಗೆ ವರದಿ ಕಳುಹಿಸುವುದು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ತೆರೆದ ಕೊಳವೆ ಬಾವಿಗೆ ಬಿದ್ದ ಎರಡು ವರ್ಷದ ಮಗುವನ್ನು ಸುಮಾರು 20 ಗಂಟೆಗಳ ಶ್ರಮದ ನಂತರ ಜೀವಂತವಾಗಿ ಹೊರತೆಗೆಯಲಾಯಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟವಿರುವುದಿಲ್ಲ.

ಇದೇ ಪ್ರಕರಣವು ಪಂಚಾಯತಿಯತ್ತಲೂ ತಿರುಗಬಲ್ಲದು. ರತ್ಲಾಂ ಪುರಸಭೆಯ ಮೊಕದ್ದಮೆಯಲ್ಲಿ (1980) ತೆರೆದ ಚರಂಡಿ ಮತ್ತು ದುರ್ನಾತದ ಬಗ್ಗೆ ನಿವಾಸಿಗಳು ದೂರಿದಾಗ ಪುರಸಭೆಯು ಹಣವಿಲ್ಲವೆಂದಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು ಆ ನೆಪವನ್ನು ಒಪ್ಪಲಿಲ್ಲ. ತನ್ನ ಚರಂಡಿಯ ಹೂಳನ್ನು ತೆಗೆಸದ ಪಂಚಾಯತಿಯು ಅದೇ ಬೀದಿಯವರಿಗೆ ಸೊಳ್ಳೆಗಾಗಿ ನೋಟಿಸು ಕೊಟ್ಟರೆ ಬೆಲೆಯಿರುವುದಿಲ್ಲ.

ಎಲ್ಲ ಜಗಳಗಳೂ ಈ ವ್ಯಾಪ್ತಿಗೆ ಬರುವುದಿಲ್ಲ. ಗಡಿಗೋಡೆ, ಸೂರಿನ ನೀರು, ಗಾಳಿ-ಬೆಳಕಿನ ಹಕ್ಕು ಮುಂತಾದ ಇಬ್ಬರ ನಡುವಿನ ವಿವಾದಗಳು ಸಿವಿಲ್ ನ್ಯಾಯಾಲಯಕ್ಕೆ ಸೇರಿದವು. ಸದಸ್ಯರು ಸಂಧಾನ ಮಾಡಬಹುದೇ ಹೊರತು ತೀರ್ಪು ಕೊಡುವಂತಿಲ್ಲ.

ಮಾಲೀಕರು ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದ್ದರೆ ಇ-ಸ್ವತ್ತು ದಾಖಲೆ ಹಾಗೂ ತೆರಿಗೆ ವಹಿಯಿಂದ ಹೆಸರು, ವಿಳಾಸ ಪಡೆದು ನೋಂದಣಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳುಹಿಸಿರಿ. ಒಂದು ಪ್ರತಿಯನ್ನು ನಿವೇಶನದಲ್ಲಿ ಅಂಟಿಸಿ, ದಿನಾಂಕ ಸಹಿತ ಛಾಯಾಚಿತ್ರ ತೆಗೆಸಿರಿ. ನೋಟಿಸಿನಲ್ಲಿ ದೋಷವೇನು, ಎಷ್ಟು ದಿನಗಳಲ್ಲಿ ಸರಿಪಡಿಸಬೇಕು ಎಂಬುದು ಸ್ಪಷ್ಟವಾಗಿರಲಿ. ಒಂದು ಬೀದಿಯಲ್ಲಿ ಐದು ಪಾಳು ನಿವೇಶನಗಳಿದ್ದರೆ ಐದಕ್ಕೂ ಅದೇ ದಿನ ನೋಟಿಸು ಹೋಗಬೇಕು. ಸದಸ್ಯರ ಸಂಬಂಧಿಕರದ್ದು ಅವುಗಳಲ್ಲಿದ್ದರೆ ಅದಕ್ಕೇ ಮೊದಲು.