ನಿಮಗಿದು ಗೊತ್ತೆ? ಸೆಕೆಗೆ ಸೊರಗುವ ಬ್ಯಾಟರಿ
ಬಿಸಿ ಏರಿದಾಗ ಸೀಸ-ಆಮ್ಲ ಬ್ಯಾಟರಿ ತುಸು ಹೆಚ್ಚೇ ವಿದ್ಯುತ್ ಕೊಡುತ್ತದೆ, ಸಾಯುವುದೂ ಬೇಗ!

ಕರೆಂಟ್ ಹೋದಾಗ ಇಂಟರ್ನೆಟ್, ಫೋನ್ ಜಾಲದ ಪೆಟ್ಟಿಗೆಗಳಿಗೆ ಹಲವೆಡೆ ಇದೇ ಆಸರೆ. ಅದರ ‘10 ವರ್ಷ ಬಾಳಿಕೆ’ಯ ಲೆಕ್ಕ 20–25 ಡಿಗ್ರಿ ಸೆಲ್ಸಿಯಸ್‌ಗೆ ಮಾತ್ರ. ಮುಂದೆ ಪ್ರತಿ 10 ಡಿಗ್ರಿಗೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ದೋಹಾದ ದಕ್ಷಿಣಕ್ಕಿರುವ ಕತಾರ್‌ನ ಕೈಗಾರಿಕಾ ನಗರ ಮೆಸಯೀದ್‌ನಲ್ಲಿ ಬೇಸಿಗೆಯ ಹಗಲು 45 ಡಿಗ್ರಿ ಮುಟ್ಟುವುದುಂಟು. ಬಿಸಿಲಲ್ಲಿ ನಿಂತ ಲೋಹದ ಪೆಟ್ಟಿಗೆಯೊಳಗೆ ಇನ್ನೂ ಜಾಸ್ತಿ. ವರ್ಷವಿಡೀ 45 ಡಿಗ್ರಿಯಲ್ಲೇ ಇಟ್ಟರೆ ಹತ್ತು ವರ್ಷದ ಬ್ಯಾಟರಿ ಎರಡೂವರೆ ವರ್ಷಕ್ಕೇ ಮುಗಿದೀತು. (ನಮ್ಮ ರಾಯಚೂರು, ಕಲಬುರಗಿಯ ಮೇ ತಿಂಗಳೂ ಕಡಿಮೆಯೇನಲ್ಲ!)

ಅಂಥ ಕಡೆ ಬ್ಯಾಟರಿಗೇ ಎ.ಸಿ. ಹಾಕುತ್ತಾರೆ, ಇಲ್ಲವೇ ಸೆಕೆ ತಾಳುವ ನಿಕಲ್-ಕ್ಯಾಡ್ಮಿಯಂ ಆರಿಸುತ್ತಾರೆ. ಬಿಸಿ ಏರಿದಂತೆ ವೋಲ್ಟೇಜ್ ತಗ್ಗಿಸುವ ಚಾರ್ಜರೂ ಬೇಕು.