ಕಡಲ ಕಾವು, ಬೆಳ್ವೊಲದ ಮುಗಿಲು

ಧಾರವಾಡದ ಸೋಮೇಶ್ವರನ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಪಡುವಣಕ್ಕೆ ಹರಿಯುತ್ತಾಳೆ. ಕಲಘಟಗಿಯ ಸೀಮೆಯನ್ನು ಹಾಯ್ದು, ಬೇಡ್ತಿಯೆಂಬ ಹೆಸರು ಹೊತ್ತು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಅದೇ ನೆಲದ ಇನ್ನೊಂದು ಮಗ್ಗುಲಿನ ನೀರು ಮೂಡಣದ ಹಾದಿ ಹಿಡಿಯುತ್ತದೆ. ಶಿಗ್ಗಾಂವಿ ತಾಲೂಕಿನ ಧುಂಡಶಿಯ ಕಡೆಯಿಂದ ಬರುವ ಬೆಣ್ಣಿಹಳ್ಳವು ಕುಂದಗೋಳ, ಹುಬ್ಬಳ್ಳಿ, ನವಲಗುಂದಗಳ ಎರೆಯ ಬಯಲನ್ನು ಸೀಳಿಕೊಂಡು, ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು ಮಲಪ್ರಭೆಗೆ ಇಳಿಯುತ್ತದೆ. ಮಲಪ್ರಭೆ ಕೃಷ್ಣೆಗೆ, ಕೃಷ್ಣೆ ಬಂಗಾಲದ ಉಪಸಾಗರಕ್ಕೆ. (ಬೇಸಿಗೆಯಲ್ಲಿ ಒಣಗಿ ಬಾಯಿಬಿಡುವ ಹಳ್ಳಗಳಿಗೆ ಬೆಣ್ಣೆ ತುಪ್ಪಗಳನ್ನು ನೆನಪಿಗೆ ತರುವ ಹೆಸರಿಟ್ಟ ಹಿರಿಯರ ಎದೆಗಾರಿಕೆಯನ್ನು ಮೆಚ್ಚಲೇಬೇಕು.) ಒಂದೇ ಮೋಡದಿಂದ ಉದುರಿದ ಎರಡು ಹನಿಗಳು ಧಾರವಾಡದ ದಿನ್ನೆಯ ಮೇಲೆ ಬೇರ್ಪಟ್ಟು ಎರಡು ಕಡಲುಗಳ ಪಾಲಾಗುವುದು ಹೀಗೆ.

ಆದರೆ ಆ ಎರಡು ಹನಿಗಳೂ ಬಂದುದು ಕಡಲಿನಿಂದಲೇ. ಕಾರವಾರದ ದಂಡೆಯಿಂದ ಇಷ್ಟು ದೂರದ ಬಯಲಿನಲ್ಲಿ ಕುಳಿತು ಕಡಲ ಶಕ್ತಿಯ ವಿಚಾರವನ್ನು ಎತ್ತುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಈ ನಾಡಿನ ಒಕ್ಕಲುತನವೆಲ್ಲವೂ ಕಡಲ ಕಾವಿನಿಂದ ನಡೆಯುವ ಒಂದು ಮಹಾಯಂತ್ರದ ಮೇಲೆ ನಿಂತಿದೆಯೆಂಬುದನ್ನು ನೆನೆದರೆ ವಿನೋದವೇನೂ ಉಳಿಯದು. ಆ ಯಂತ್ರದ ಹೆಸರು ಮುಂಗಾರು.

ಅದರ ಕೆಲಸವನ್ನು ಒಂದಿಷ್ಟು ಲೆಕ್ಕ ಹಾಕಿ ನೋಡೋಣ. ಒಂದು ಲೀಟರು ನೀರು ಆವಿಯಾಗಬೇಕಾದರೆ ಅದು ಹೀರುವ ಶಾಖವು ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 0.7 ಯೂನಿಟ್ಟು. ಸೂರ್ಯನ ಬಿಸಿಲು ಅರಬ್ಬೀ ಸಮುದ್ರದ ಮೇಲೆ ಈ ವೆಚ್ಚವನ್ನು ಭರಿಸುತ್ತದೆ. ಆವಿ ಮೇಲೇರಿ ಮೋಡವಾಗಿ ಹನಿಗಟ್ಟುವಾಗ ಆ ಶಾಖವಷ್ಟೂ ಗಾಳಿಗೆ ಮರಳುತ್ತದೆ. ಅದೇ ಗಾಳಿಯನ್ನು ಇನ್ನೂ ಮೇಲಕ್ಕೆ ತಳ್ಳಿ, ಮತ್ತಷ್ಟು ತೇವವನ್ನು ಕಡಲಿನಿಂದ ಸೆಳೆಯುತ್ತದೆ. ನವಲಗುಂದದ ಒಂದು ಎಕರೆ ಹೊಲದ ಮೇಲೆ ಒಂದು ಅಂಗುಲ ಮಳೆ ಬಿದ್ದಿತೆನ್ನಿ. ಅಷ್ಟು ನೀರು ಒಂದು ಲಕ್ಷ ಲೀಟರಿಗೆ ಮಿಕ್ಕುತ್ತದೆ. ಅದು ಮುಗಿಲಿನಲ್ಲಿ ಹನಿಯಾಗುವಾಗ ಬಿಟ್ಟುಕೊಟ್ಟ ಶಾಖ ಸುಮಾರು 70,000 ಯೂನಿಟ್ಟು! ಎಕರೆಯ ಒಡೆಯನು ತನ್ನ ಆಯುಷ್ಯದಲ್ಲಿ ಅಷ್ಟು ವಿದ್ಯುತ್ತನ್ನು ಉರಿಸುವನೋ ಇಲ್ಲವೋ.

ಇದರಲ್ಲಿ ಮನುಷ್ಯನ ಕೈಗೆ ದಕ್ಕುವುದೆಷ್ಟು? ಜೋಗದ 253 ಮೀಟರು ಎತ್ತರದಿಂದ ಒಂದು ಲೀಟರು ನೀರು ಬಿದ್ದರೆ ಅದು ಕೊಡಬಲ್ಲ ಶಕ್ತಿಯು, ಅದೇ ಲೀಟರನ್ನು ಆವಿಯಾಗಿಸಲು ತಗುಲಿದ ಶಾಖದ ಸಾವಿರದಲ್ಲೊಂದು ಪಾಲು ಮಾತ್ರ. 1948ರಿಂದ ಶರಾವತಿಯ ವಿದ್ಯುದಾಗಾರಕ್ಕೆ ದೊರೆತುದು ಈ ಸಾವಿರದಲ್ಲೊಂದರ ಪಾಲೇ. ಉಳಿದ 999 ಪಾಲು ಆಕಾಶದಲ್ಲಿಯೇ ಹಂಚಿಹೋಗುತ್ತದೆ. ಈ 999 ಪಾಲಿನ ಮೇಲೆ ವಿಜ್ಞಾನಿಗಳ ಕಣ್ಣು ಬಿದ್ದು ಬಹಳ ಕಾಲವಾಯಿತು. ಕಲ್ಲಿದ್ದಲು, ಎಣ್ಣೆಗಳ ಹೊಗೆ ಭೂಮಿಯನ್ನು ಬಿಸಿ ಮಾಡುತ್ತಿದೆಯೆಂದು ಖಚಿತವಾದ ಮೇಲಂತೂ ಆ ನೋಟ ಇನ್ನಷ್ಟು ತೀಕ್ಷ್ಣವಾಗಿದೆ.

ಫ್ರಾನ್ಸಿನ ದಾರ್ಸೋನ್ವಾಲ್ ಎಂಬವನು 1881ರಲ್ಲಿಯೇ ಒಂದು ಉಪಾಯವನ್ನು ಸೂಚಿಸಿದ್ದ. ಉಷ್ಣವಲಯದ ಕಡಲಿನ ಮೇಲ್ಮೈ 28 ಡಿಗ್ರಿಯಷ್ಟು ಬೆಚ್ಚಗಿದ್ದರೆ, ಒಂದು ಕಿಲೋಮೀಟರು ಆಳದಲ್ಲಿ ನೀರು ಐದಾರು ಡಿಗ್ರಿಯಷ್ಟು ತಣ್ಣಗಿರುತ್ತದೆ; ಈ ಅಂತರದಿಂದಲೇ ಯಂತ್ರವನ್ನೇಕೆ ನಡೆಸಬಾರದು? ಅವನ ಶಿಷ್ಯ ಜಾರ್ಜ್ ಕ್ಲಾಡ್, ನಿಯಾನ್ ದೀಪವನ್ನು ಬಳಕೆಗೆ ತಂದವನು, 1930ರಲ್ಲಿ ಕ್ಯೂಬಾದ ಮತಾಂಜಾಸಿನಲ್ಲಿ ಅದನ್ನು ಮಾಡಿ ತೋರಿಸಿದ. ದೊರೆತುದು 22 ಕಿಲೋವ್ಯಾಟು. ತಣ್ಣೀರನ್ನು ಮೇಲೆತ್ತುವ ಕೊಳವೆಗಳನ್ನು ಮಾತ್ರ ಕಡಲು ಒಂದಾದ ಮೇಲೊಂದರಂತೆ ನುಂಗಿತು. ಭಾರತದ ಅನುಭವವೂ ಇದಕ್ಕಿಂತ ಬೇರೆಯಾಗಲಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ‘ಸಾಗರ ಶಕ್ತಿ’ ಎಂಬ ತೇಲುವ ಸ್ಥಾವರವನ್ನು ತಮಿಳುನಾಡಿನ ತೂತ್ತುಕುಡಿಯ ಆಚೆ ನಿಲ್ಲಿಸಿ ಒಂದು ಮೆಗಾವ್ಯಾಟು ಪಡೆಯಲು ಹೊರಟಿತ್ತು. ಆ ಉದ್ದನೆಯ ಕೊಳವೆಯನ್ನು ಇಳಿಸುವ ಕೆಲಸದಲ್ಲಿಯೇ ಸಾಹಸ ಮುಗಿದುಹೋಯಿತು.

ಕೊಳವೆಯ ದೋಷವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಶಾಖದ ಅಂತರ ಇಪ್ಪತ್ತೆರಡು ಡಿಗ್ರಿಯಷ್ಟೇ ಇರುವಾಗ, ಯಾವ ದೋಷವೂ ಇಲ್ಲದ ಯಂತ್ರಕ್ಕೂ ನೂರರಲ್ಲಿ ಏಳು ಪಾಲಿಗಿಂತ ಹೆಚ್ಚು ಕೆಲಸ ಸಿಗಲಾರದೆಂಬುದು ಪ್ರಕೃತಿಯ ಕಟ್ಟಳೆ. ಕೈಗೆ ಬರುವುದು ಅದರ ಅರ್ಧದಷ್ಟಿರಬಹುದು. ಆದುದರಿಂದ ಅಲ್ಪ ವಿದ್ಯುತ್ತಿಗೂ ಹೊಳೆಯಷ್ಟು ನೀರನ್ನು ಎತ್ತಬೇಕಾಗುತ್ತದೆ. ಅದರ ಮೇಲೆ ನಮ್ಮ ಕಾರವಾರ, ಅಂಕೋಲೆಗಳ ಮುಂದಿನ ಕಡಲು ಬಹುದೂರದವರೆಗೆ ಆಳವಿಲ್ಲದ್ದು. ತಣ್ಣನೆಯ ಆಳವನ್ನು ಮುಟ್ಟಬೇಕಾದರೆ ದಂಡೆಯನ್ನು ಬಿಟ್ಟು ಬಹಳ ಮುಂದಕ್ಕೆ ಹೋಗಬೇಕು. ಕೇರಳದ ವಿಳಿಂಞದಲ್ಲಿ 1991ರಲ್ಲಿ ಕಟ್ಟಿದ 150 ಕಿಲೋವ್ಯಾಟಿನ ಅಲೆಯ ಯಂತ್ರವೂ ಪ್ರಯೋಗದ ಹಂತವನ್ನು ದಾಟಲಿಲ್ಲ.

ಆದರೂ ಅದೇ ವಿದ್ಯೆ ಇನ್ನೊಂದು ಕಡೆ ಫಲ ಕೊಟ್ಟಿತು. 2005ರಲ್ಲಿ ಲಕ್ಷದ್ವೀಪದ ಕವರತ್ತಿಯಲ್ಲಿ ಅದೇ ಸಂಸ್ಥೆಯವರು ಸುಮಾರು 350 ಮೀಟರು ಆಳದ ತಣ್ಣೀರನ್ನು ಎತ್ತಿ, ಮೇಲಿನ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆ ಆವಿಯನ್ನು ತಣ್ಣೀರಿನಿಂದ ತಂಪಿಸಿ ದಿನಕ್ಕೆ ಒಂದು ಲಕ್ಷ ಲೀಟರು ಸಿಹಿನೀರನ್ನು ಪಡೆದರು. ದ್ವೀಪದ ಹವಳದ ದಂಡೆಯ ಸನಿಹದಲ್ಲಿಯೇ ಕಡಲು ಆಳಕ್ಕಿಳಿಯುವುದು ಅಲ್ಲಿನ ಭಾಗ್ಯ. ಮುಂದೆ ಮಿನಿಕಾಯ್, ಅಗತ್ತಿಗಳಲ್ಲಿಯೂ ಅಂಥ ಸ್ಥಾವರಗಳು ಬಂದವು. ಗಮನಿಸಿ: ಅಲ್ಲಿ ನಡೆದುದು ಮುಂಗಾರಿನ ಕೆಲಸದ ಪುಟ್ಟ ಅನುಕರಣ. ಆವಿಯಾಗಿಸುವುದು, ತಂಪಿಸುವುದು, ಹನಿಯನ್ನು ಹಿಡಿಯುವುದು.

ಈ ಮಾತು ನವಲಗುಂದದವರ ಕಿವಿಗೆ ಇಂಪಾಗಿ ಬೀಳಬೇಕು. ಕಡಲಿಲ್ಲದೆಯೂ ಉಪ್ಪುನೀರನ್ನು ಬಲ್ಲವರು ಅವರು. ಎರೆಯ ಬಯಲಿನಲ್ಲಿ ಬಾವಿ ತೋಡಿದರೆ ಸಿಗುವುದು ಬಹುಮಟ್ಟಿಗೆ ಸವುಳು ನೀರು. ಆದ್ದರಿಂದ ಊರು ಬದುಕಿದ್ದು ಕೆರೆಯ ಮೇಲೆ. ಮಳೆ ತುಂಬಿದ ಕೆರೆ, ಈಚಿನ ದಶಕಗಳಲ್ಲಿ ಮಲಪ್ರಭೆಯ ಕಾಲುವೆಯಿಂದ ತುಂಬಿಸಿಕೊಂಡ ಕೆರೆ.

ನೆಲದ ಮೇಲಿನ ಗಾಳಿಯಿಂದ ಶಕ್ತಿ ಪಡೆಯುವ ವಿಚಿತ್ರ ಯೋಜನೆಗಳಿಗೂ ಕೊರತೆಯಿಲ್ಲ. ಸ್ಪೇನಿನ ಮಾಂಜನಾರೆಸಿನಲ್ಲಿ 1982ರಲ್ಲಿ ಬಿಸಿಲಿನ ಚಪ್ಪರವೊಂದನ್ನು ಹಾಕಿ, ಅದರ ನಡುವೆ 195 ಮೀಟರಿನ ಚಿಮಣಿಯನ್ನು ನಿಲ್ಲಿಸಿ, ಕಾದ ಗಾಳಿ ಮೇಲೇರುವ ರಭಸದಿಂದ 50 ಕಿಲೋವ್ಯಾಟು ತೆಗೆದರು. 1989ರ ಬಿರುಗಾಳಿಗೆ ಚಿಮಣಿ ಉರುಳಿತು. ಆ ಚಪ್ಪರ ಆಕ್ರಮಿಸಿದ ನೆಲ ಸುಮಾರು ಹನ್ನೊಂದು ಎಕರೆ. ಅಣ್ಣಿಗೇರಿಯ ಹನ್ನೊಂದು ಎಕರೆ ಎರೆಯಲ್ಲಿ ಒಂದು ಮನೆತನ ಜೋಳ, ಕಡಲೆ, ಕುಸುಬಿ ಬೆಳೆದು ಬಾಳುತ್ತದೆ. ಅಷ್ಟೇ ವಿದ್ಯುತ್ತನ್ನು ಇಂದಿನ ಸೌರಫಲಕಗಳು ಅರ್ಧ ಎಕರೆಯಲ್ಲಿ ಕೊಡುತ್ತವೆ. ಹೀಗಿರಲು ಚಿಮಣಿಯ ಮಾತನ್ನು ಬಿಡುವುದೇ ಲೇಸು. ಎತ್ತರದ ಗಾಳಿಯನ್ನು ಗಾಳಿಪಟದಂಥ ಯಂತ್ರಗಳಿಂದ ಹಿಡಿಯಹೊರಟ ಅಮೆರಿಕದ ಮಕಾನಿ ಎಂಬ ಕಂಪನಿಗೆ ಗೂಗಲ್ಲಿನಂಥ ಧನಿಕರ ಬೆಂಬಲವಿದ್ದೂ ಅದು 2020ರಲ್ಲಿ ಬಾಗಿಲು ಮುಚ್ಚಿತು.

ಇಷ್ಟರ ನಡುವೆ ಸದ್ದಿಲ್ಲದೆ ಗೆದ್ದುದು ಸಾಮಾನ್ಯ ಗಾಳಿಯಂತ್ರ. ಆಷಾಢದಲ್ಲಿ ನೆರೆಯ ಗದಗಿನ ಕಪ್ಪತಗುಡ್ಡದ ಕಡೆ ಹೋದವರು ಅದರ ಬಿಳಿಯ ರೆಕ್ಕೆಗಳನ್ನು ನೋಡಿಯೇ ಇರುತ್ತಾರೆ. ಮುಂಗಾರಿನ ತೇವವನ್ನು ಆಫ್ರಿಕದ ಕಡೆಯಿಂದ ಹೊತ್ತು ತರುವ ಪ್ರಬಲ ಗಾಳಿಯ ಹೊಳೆಯೊಂದನ್ನು ಫಿಂಡ್ಲೇಟರ್ ಎಂಬವನು 1960ರ ದಶಕದಲ್ಲಿ ಗುರುತಿಸಿದ. ಅದೇ ಮುಂಗಾರಿನ ಗಾಳಿಯು ಘಟ್ಟವನ್ನು ಹತ್ತಿ, ಕಲಘಟಗಿಯ ಕಡೆ ನೀರನ್ನು ಸುರಿದು, ನವಲಗುಂದ ದಾಟುವ ಹೊತ್ತಿಗೆ ಬರಿಗೈಯಾಗಿ, ಉಳಿದ ವೇಗದಿಂದ ಈ ರೆಕ್ಕೆಗಳನ್ನು ತಿರುಗಿಸುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುವುದರಿಂದ ಆಷಾಢದ ಬಿರುಸಿಗೆ ಅಷ್ಟು ಬೆಲೆ. ಕರ್ನಾಟಕದ ಗಾಳಿಯಂತ್ರಗಳ ಒಟ್ಟು ಸಾಮರ್ಥ್ಯ ಈಗ 5,000 ಮೆಗಾವ್ಯಾಟಿಗೂ ಮಿಕ್ಕಿದೆ. ಕಡಲ ಕಾವಿನಲ್ಲಿ ನಮಗೆ ದಕ್ಕಿದ ಎರಡನೆಯ ಪಾಲು ಇದು, ಮೊದಲನೆಯದು ಜೋಗದ್ದು.

ಮಳೆಯನ್ನೇ ಕೇಳಿ ಪಡೆಯುವ ಆಸೆಯ ಮಾತು ಬೇರೆ. ಬೆಳ್ವೊಲದಲ್ಲಿ ಮುಗಿಲನ್ನು ಬಲ್ಲವರಿಗೆ ಎಂದೂ ಮನ್ನಣೆಯುಂಟು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಜಿನವಲ್ಲಭನ ಶಾಸನ ಹೇಳುತ್ತದೆ. ಆ ಜೋಯಿಸನ ಬಳಿಗೆ ಒಕ್ಕಲು ಮಕ್ಕಳು ಗ್ರಹಗತಿಗಿಂತ ಹಸ್ತ, ಚಿತ್ತಿ ಮಳೆಗಳ ವಿಚಾರ ಕೇಳಲು ಬರುತ್ತಿದ್ದಿರಬೇಕೆಂದು ನನ್ನ ಊಹೆ. ಮುಗಿಲು ಮುನಿದಾಗ ಗುರ್ಜಿಯನ್ನು ತಲೆಯ ಮೇಲೆ ಹೊತ್ತು, ಮನೆಮನೆಯ ಮುಂದೆ ನೀರು ಹೊಯ್ಯಿಸಿಕೊಳ್ಳುವ ಪದ್ಧತಿಯೂ ಈ ಸೀಮೆಯದೇ. ಈಗ ಗುರ್ಜಿಯ ಜೊತೆಗೆ ವಿಮಾನ ಬಂದಿದೆ. 1946ರಲ್ಲಿ ಅಮೆರಿಕದ ಶೇಫರ್ ಎಂಬವನು ಮೋಡಕ್ಕೆ ಒಣ ಮಂಜನ್ನು ಚೆಲ್ಲಿ ಆರಂಭಿಸಿದ ವಿದ್ಯೆ ನಮ್ಮ ರಾಜ್ಯದಲ್ಲಿ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಎಂಬ ಹೆಸರುಗಳನ್ನು ಪಡೆಯಿತು. 2019ರಲ್ಲಿ ಹುಬ್ಬಳ್ಳಿಯ ವಿಮಾನ ನಿಲ್ದಾಣದಿಂದಲೂ ಮೋಡಬಿತ್ತನೆಗೆ ವಿಮಾನ ಏರಿತು.

ಅದೇ ಆಗಸ್ಟಿನಲ್ಲಿ ಏನಾಯಿತೆಂಬುದು ಬೆಣ್ಣಿಹಳ್ಳದ ದಂಡೆಯವರಿಗೆ ಗೊತ್ತು. ಹಳ್ಳ ಹೊಳೆಯಾಗಿ ಹೊಲಗಳನ್ನು ಕೊಚ್ಚಿತು, ಮಲಪ್ರಭೆ ಊರುಗಳಿಗೆ ನುಗ್ಗಿತು. ಬಿತ್ತಿದ ವಿಮಾನವೇ ನೆರೆಯನ್ನು ತಂದಿತೆಂಬ ಮಾತು ಸುಳ್ಳು. ಕೇರಳದಿಂದ ಮಹಾರಾಷ್ಟ್ರದವರೆಗೆ ಘಟ್ಟದುದ್ದಕ್ಕೂ ಸುರಿದ ಮಳೆಯನ್ನು ಯಾವ ವಿಮಾನವೂ ತರಲಾರದು. ಆದರೆ ಅದೇ ತರ್ಕವು ಬಿತ್ತನೆಯ ಪರವಾಗಿ ಮಾತಾಡುವವರನ್ನೂ ಕಟ್ಟಬೇಕಷ್ಟೆ. ಬಿತ್ತಿದ ದಿನ ಮಳೆ ಬಂದರೆ ಅದು ಬಿತ್ತಿದ್ದಕ್ಕೇ ಬಂದಿತೆನ್ನಲು ಪುರಾವೆ ಯಾವುದು?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು. ಕನ್ನಡಿಗರಿಗೆ ಪರಿಚಿತವಾದ ಸೋಲಾಪುರದಲ್ಲಿ, ನಮ್ಮ ಬಯಲಿನಂತೆಯೇ ಮಳೆಯ ಮರೆಯಲ್ಲಿರುವ ಆ ನೆಲದಲ್ಲಿ, 276 ಮೋಡಗಳನ್ನು ಆರಿಸಿದರು. ಯಾವುದಕ್ಕೆ ಬಿತ್ತಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿ, ಎರಡೂ ಬಗೆಯ ಮೋಡಗಳ ಮಳೆಯನ್ನು ಅಳೆದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗಾಳಿಯ ದಿಕ್ಕಿನಲ್ಲಿ ಸುಮಾರು ನೂರು ಚದರ ಕಿಲೋಮೀಟರಿನಷ್ಟು ನೆಲದ ಮೇಲೆ ಮಳೆ ಶೇಕಡಾ 18ರಷ್ಟು ಹೆಚ್ಚಿತು. ಇದು ಸಣ್ಣ ಲಾಭವೇನಲ್ಲ. ಆದರೆ ಎಂಥ ಮೋಡ ಬೇಕೆಂಬುದನ್ನು ಮರೆಯಬಾರದು: ತೇವ ತುಂಬಿದ, ತಾನಾಗಿಯೇ ಮಳೆಯ ಅಂಚಿನಲ್ಲಿರುವ ಮೋಡ. ನಿಜವಾದ ಬರಗಾಲದಲ್ಲಿ ಅಂಥ ಮೋಡವೇ ಇರುವುದಿಲ್ಲ. ಶೂನ್ಯದ ಹದಿನೆಂಟು ಪಾಲು ಶೂನ್ಯವೇ.

ನವಲಗುಂದದ ರೈತನಿಗೆ ಭರವಸೆಯ ಬೆಲೆ ಚೆನ್ನಾಗಿ ಗೊತ್ತು. 1980ರ ಜುಲೈಯಲ್ಲಿ ಇಲ್ಲಿ ಎದ್ದ ಬಂಡಾಯಕ್ಕೆ ಕಾರಣವಾದುದು, ಕಾಲುವೆಯ ನೀರು ತಲುಪದ ಹೊಲಕ್ಕೂ ಹಾಕಿದ ಅಭಿವೃದ್ಧಿ ಕರ. ಗೋಲಿಬಾರಿನಲ್ಲಿ ಪ್ರಾಣಹಾನಿಯಾಯಿತು. ಮುಂದೆ ಕಳಸಾ ಬಂಡೂರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತರು. ಪಡುವಣಕ್ಕೆ ಹರಿಯುವ ನೀರಿನಲ್ಲಿ ಒಂದಿಷ್ಟನ್ನು ಮೂಡಣಕ್ಕೆ ತಿರುಗಿಸಬೇಕೆಂಬುದು ಆ ಬೇಡಿಕೆ. 2018ರಲ್ಲಿ ಮಹದಾಯಿ ನ್ಯಾಯಾಧಿಕರಣವು ಆ ಎರಡು ಹಳ್ಳಗಳಿಂದ ಒಟ್ಟು 3.9 ಟಿಎಂಸಿಯನ್ನು ಕುಡಿಯುವ ನೀರಿಗೆಂದು ಮಲಪ್ರಭೆಯ ಕಡೆ ಕೊಟ್ಟಿತು. ಇಂಥ ನೆಲದಲ್ಲಿ ‘ಆಕಾಶದಿಂದ ನೀರು ತಂದುಕೊಡುತ್ತೇವೆ’ ಎನ್ನುವವರು ಅಳತೆಯ ಲೆಕ್ಕವನ್ನು ಜೊತೆಗೆ ತರಬೇಕು. ಯಾವ ಮೋಡಕ್ಕೆ ಬಿತ್ತಿದಿರಿ, ಬಿಟ್ಟ ಮೋಡ ಎಷ್ಟು ಸುರಿಸಿತು, ಮಳೆ ಯಾವ ಊರಿನ ಮೇಲೆ ಬಿತ್ತು ಎಂದು ಕೇಳುವ ಹಕ್ಕು ತೆರಿಗೆ ಕೊಟ್ಟವನಿಗಿದೆ. ರಾಜ್ಯವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿ ಲೆಕ್ಕ ಕಳುಹಿಸುವ ಮಳೆಮಾಪಕಗಳನ್ನು ನಿಲ್ಲಿಸಿರುವುದರಿಂದ ಇಂದು ಅದನ್ನು ಕೇಳಲೂ ಬಹುದು, ಉತ್ತರಿಸಲೂ ಬಹುದು.

ಕಡಲು ಮಾತ್ರ ನಮ್ಮ ಯೋಜನೆಗಳಿಗಾಗಿ ಕಾಯುತ್ತಿಲ್ಲ. ಗಾಳಿಯ ಉಷ್ಣಮಾನ ಒಂದು ಡಿಗ್ರಿ ಏರಿದರೆ ಅದು ಹೊರಬಲ್ಲ ಆವಿ ಶೇಕಡಾ ಏಳರಷ್ಟು ಹೆಚ್ಚುತ್ತದೆ. ಅರಬ್ಬೀ ಸಮುದ್ರ ಕಾಯುತ್ತಿದೆ. ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶವನ್ನು ಆವರಿಸುವ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟಾದುವೆಂದು ಮುಂಗಾರಿನ ಅಧ್ಯಯನಕಾರರು 2017ರಲ್ಲಿ ತೋರಿಸಿದರು. ಮಹಾಯಂತ್ರದ ಉರುವಲು ಹೆಚ್ಚಿದಂತೆ ಅದರ ನಡೆ ಒರಟಾಗುತ್ತಿದೆ: ಇಡೀ ತಿಂಗಳು ಬಾರದ ಮಳೆ ಎರಡು ದಿನದಲ್ಲಿ ಸುರಿದು ಬೆಣ್ಣಿಹಳ್ಳದಲ್ಲಿ ಹರಿದುಹೋಗುತ್ತದೆ. ಎರೆಯ ಭೂಮಿ ಅಷ್ಟು ಬೇಗ ನೀರು ಕುಡಿಯಲಾರದು. ಹಸಿಯಾದರೆ ಊದಿಕೊಂಡು ಬಾಯಿ ಮುಚ್ಚುತ್ತದೆ. ಆ ಎರಡು ದಿನದ ನೀರನ್ನು ಹಿಡಿದಿಡಲು ಹೊಲದ ಬದು, 2014ರಿಂದ ಸರಕಾರದ ನೆರವಿನಲ್ಲಿ ತೋಡಿಸಿದ ಕೃಷಿಹೊಂಡ, ಹೂಳು ತೆಗೆದ ಊರಕೆರೆ, ಇವೇ ಈಗ ಕೈಯಲ್ಲಿರುವ ಸಲಕರಣೆಗಳು. ಒಂದು ಎಕರೆಗೆ ಒಂದು ಅಂಗುಲವೆಂದರೆ ಒಂದು ಲಕ್ಷ ಲೀಟರು ಎಂದು ಮೇಲೆ ಹೇಳಿದೆ. ಅದು ಕವರತ್ತಿಯ ಸ್ಥಾವರ ಇಡೀ ದಿನ ದುಡಿದು ಕೊಟ್ಟ ನೀರಿನಷ್ಟು.